ಅಡಿಕೆಯಂತೆ ಉತ್ತರವನ್ನೂ ಒಡೆದು ನೋಡಿ

ಶಿರಸಿಯ ಅಡಿಕೆ ವಖಾರಿಯಲ್ಲಿ ಟೆಂಡರ್ ನಡೆಯುವ ಹೊತ್ತಿಗೆ ಸುಮ್ಮನೆ ಒಂದು ಮೂಲೆಯಲ್ಲಿ ನಿಂತು ನೋಡಬೇಕು. ನೆಲದ ಮೇಲೆ ಸಾಲಾಗಿ ರಾಶಿಗಳು, ಪ್ರತಿ ರಾಶಿಗೂ ಒಂದು ಲಾಟ್ ನಂಬರು. ವ್ಯಾಪಾರಿ ಬಂದವನೇ ಮೇಲಿನ ಅಡಿಕೆಯನ್ನು ಕಣ್ಣೆತ್ತಿಯೂ ನೋಡುವುದಿಲ್ಲ. ಮೇಲೆ ಚಲೋ ಮಾಲನ್ನೇ ಇಟ್ಟಿರುತ್ತಾರೆ ಎಂಬುದು ಅವನಿಗೆ ಗೊತ್ತು. ರಾಶಿಯ ಒಡಲಿಗೆ ಕೈ ಹಾಕಿ ಅಡಿಯಿಂದ ನಾಲ್ಕು ಅಡಿಕೆ ಎತ್ತುತ್ತಾನೆ. ಒಂದನ್ನು ಕತ್ತರಿಸಿ ಒಳಗಿನ ಬಣ್ಣ ನೋಡುತ್ತಾನೆ. ಚೀಟಿಯಲ್ಲಿ ದರ ಬರೆದು ಮುಂದಿನ ರಾಶಿಗೆ ನಡೆಯುತ್ತಾನೆ. ಇದನ್ನು ಯಾರೂ ಅಪನಂಬಿಕೆ ಎನ್ನುವುದಿಲ್ಲ, ಅವಮಾನ ಎಂದೂ ತಿಳಿಯುವುದಿಲ್ಲ. ಬೆಳೆದವನು ಪಕ್ಕದಲ್ಲೇ ನಿಂತು ಕವಳ ಹಾಕುತ್ತಿರುತ್ತಾನೆ.

ಆ ಬೆಳೆಗಾರನ ಮನೆಯನ್ನೇ ಸಂಜೆಯ ಹೊತ್ತಿಗೆ ಊಹಿಸಿಕೊಳ್ಳಿ. ಮಗಳು ಹೈಸ್ಕೂಲು. ನಾಳೆ ಪ್ರಾಜೆಕ್ಟ್ ಕೊಡಬೇಕು. ಅಪ್ಪನ ಮೊಬೈಲಿನಲ್ಲಿ ಚಾಟ್‌ಜಿಪಿಟಿಯನ್ನೋ ಜೆಮಿನಿಯನ್ನೋ ಕೇಳುತ್ತಾಳೆ. ಎರಡು ನಿಮಿಷದಲ್ಲಿ ಎರಡು ಪುಟ ಬರುತ್ತದೆ. ದುಂಡಗಿನ ಅಕ್ಷರದಲ್ಲಿ ಅದನ್ನು ಹಾಳೆಗಿಳಿಸಿ, ಬಣ್ಣದ ಪೆನ್ನಿನಲ್ಲಿ ಅಂಚು ಹಾಕಿ ಮುಗಿಸುತ್ತಾಳೆ. ಕತ್ತರಿಸದೆ ಅಡಿಕೆ ಕೊಳ್ಳದ ಊರಿನಲ್ಲಿ ಉತ್ತರವನ್ನು ಮಾತ್ರ ಇಡಿಯಾಗಿ ನುಂಗುತ್ತಿದ್ದೇವೆ.

ಕೃತಕ ಬುದ್ಧಿಮತ್ತೆಯ ಸಾಕ್ಷರತೆ ಎಂದು ಈಗ ದೊಡ್ಡ ಹೆಸರಿನಲ್ಲಿ ಕರೆಯುತ್ತಿರುವುದು ಬಹುಪಾಲು ಈ ಒಡೆದು ನೋಡುವ ಬುದ್ಧಿಯನ್ನೇ. ಅದನ್ನು ಕಲಿಸುವುದು ಹೇಗೆ, ಕಲಿತಿದ್ದಾರೋ ಇಲ್ಲವೋ ಎಂದು ಅಳೆಯುವುದು ಹೇಗೆ? ಶಿರಸಿ, ಸಿದ್ದಾಪುರ, ಯಲ್ಲಾಪುರದ ಶಾಲೆಗಳ ಮಟ್ಟಿಗೆ ದೆಹಲಿಯಿಂದ ಬರುವ ಕೈಪಿಡಿಯಲ್ಲಿ ಅರ್ಧ ಉತ್ತರ ಇದ್ದೀತು. ಉಳಿದರ್ಧ ಇಲ್ಲಿನ ಅಂಗಳದಲ್ಲೇ ಇದೆ.

ಮೂರನೇ ತರಗತಿಯ ಬಾಗಿಲಿಗೆ

2020ರ ರಾಷ್ಟ್ರೀಯ ಶಿಕ್ಷಣ ನೀತಿ ಕೃತಕ ಬುದ್ಧಿಮತ್ತೆಯನ್ನು ಶಾಲೆಯಲ್ಲಿ ಕಲಿಸಬೇಕಾದ ಹೊಸ ವಿಷಯಗಳ ಸಾಲಿಗೆ ಸೇರಿಸಿತು. ಅದಕ್ಕೂ ಮೊದಲೇ, 2019-20ರಲ್ಲಿ, ಸಿಬಿಎಸ್‌ಇ ಒಂಬತ್ತನೇ ತರಗತಿಗೆ ಇದನ್ನು ಐಚ್ಛಿಕ ವಿಷಯವಾಗಿ ತಂದಿತ್ತು. 2026-27ರಿಂದ ಮೂರನೇ ತರಗತಿಯಿಂದಲೇ ಕಲಿಸುವುದಾಗಿ ಕೇಂದ್ರ ಶಿಕ್ಷಣ ಸಚಿವಾಲಯ 2025ರ ಅಕ್ಟೋಬರ್‌ನಲ್ಲಿ ಪ್ರಕಟಿಸಿತು. ಹೊರಗಿನ ಲೋಕವೂ ಇದೇ ಗಡಿಬಿಡಿಯಲ್ಲಿದೆ. ವಿದ್ಯಾರ್ಥಿಗೆ ಇರಬೇಕಾದ 12 ಸಾಮರ್ಥ್ಯಗಳನ್ನು ಯುನೆಸ್ಕೊ 2024ರಲ್ಲಿ ಪಟ್ಟಿ ಮಾಡಿತು. ಹದಿನೈದು ವರ್ಷದ ಮಕ್ಕಳನ್ನು ಹಲವು ದೇಶಗಳಲ್ಲಿ ಒಟ್ಟಿಗೆ ಅಳೆಯುವ 'ಪಿಸಾ' ಪರೀಕ್ಷೆ 2029ರ ಸುತ್ತಿನಲ್ಲಿ ಮಾಧ್ಯಮ ಮತ್ತು ಕೃತಕ ಬುದ್ಧಿಮತ್ತೆಯ ಸಾಕ್ಷರತೆಯನ್ನೂ ಪರೀಕ್ಷಿಸಲಿದೆ.

ನಮ್ಮ ಮೂರು ತಾಲ್ಲೂಕುಗಳ ಬಹುಪಾಲು ಮಕ್ಕಳು ರಾಜ್ಯ ಪಠ್ಯಕ್ರಮದವರು, ಕನ್ನಡ ಮಾಧ್ಯಮದವರು. ಉತ್ತರ ಕನ್ನಡ ಒಂದೇ ಕಂದಾಯ ಜಿಲ್ಲೆಯಾದರೂ ಶಿಕ್ಷಣ ಇಲಾಖೆಯ ಲೆಕ್ಕದಲ್ಲಿ ಎರಡು, ಕಾರವಾರ ಮತ್ತು ಶಿರಸಿ. ಎಸ್ಸೆಸ್ಸೆಲ್ಸಿ ಫಲಿತಾಂಶದ ಪಟ್ಟಿಯಲ್ಲಿ ಶಿರಸಿಗೆ ಮೇಲಿನ ಸಾಲಿನಲ್ಲಿ ಜಾಗ ಸಿಗುವುದೂ ಹೊಸದಲ್ಲ. ಓದುವ ಮಕ್ಕಳು, ಓದಿಸುವ ಮನೆಗಳು ಇಲ್ಲಿ ಉಂಟು. ಕೊರತೆ ಇರುವುದು ಕರೆಂಟಿಗೆ, ಸಿಗ್ನಲ್ಲಿಗೆ. ಕೊರೋನಾ ಕಾಲದಲ್ಲಿ ಆನ್‌ಲೈನ್ ಪಾಠಕ್ಕೆಂದು ಗುಡ್ಡ ಹತ್ತಿ, ತಾಡಪಾಲು ಕಟ್ಟಿಕೊಂಡು ಕೂತ ಮಕ್ಕಳು ಈ ಸೀಮೆಯವರು. ಜುಲೈ ಮಳೆಯಲ್ಲಿ ಲೈನಿನ ಮೇಲೆ ಒಂದು ಮರ ಬಿದ್ದರೆ ಮೂರು ದಿನ ಕತ್ತಲೆ. ಕಂಪ್ಯೂಟರ್ ಲ್ಯಾಬನ್ನೇ ನಂಬಿದ ಪಾಠ ಇಲ್ಲಿ ಮಳೆಗಾಲ ದಾಟುವುದಿಲ್ಲ.

ಅದೇನೂ ದೊಡ್ಡ ಅಡ್ಡಿಯಲ್ಲ. ಕಂಪ್ಯೂಟರ್ ವಿಜ್ಞಾನವನ್ನು ಕಂಪ್ಯೂಟರೇ ಇಲ್ಲದೆ, ಚೀಟಿ, ಹಗ್ಗ, ಇಸ್ಪೀಟು ಎಲೆಗಳಿಂದ ಕಲಿಸುವ ಕ್ರಮವನ್ನು ನ್ಯೂಜಿಲೆಂಡಿನ ಅಧ್ಯಾಪಕರು 1990ರ ದಶಕದಲ್ಲೇ ರೂಢಿಗೆ ತಂದರು. ನಮ್ಮಲ್ಲಿ ಇಸ್ಪೀಟಿನ ಬದಲು ಅಡಿಕೆ ಇದೆ.

'ನಿನಗೆ ಬರುತ್ತದೆಯೇ' ಎಂದು ಕೇಳಿದರೆ

ಕಲಿಸುವುದಕ್ಕಿಂತ ಕಷ್ಟದ್ದು ಅಳೆಯುವುದು. ಕೃತಕ ಬುದ್ಧಿಮತ್ತೆಯ ಸಾಕ್ಷರತೆ ಅಳೆಯಲೆಂದು ಜಗತ್ತಿನಲ್ಲಿ ಸಿದ್ಧವಾದ ಮಾಪಕಗಳಲ್ಲಿ ಬಹುಪಾಲು ವಿದ್ಯಾರ್ಥಿಯ ಬಾಯಿಮಾತನ್ನೇ ನೆಚ್ಚಿಕೊಂಡಿವೆ. 'ಈ ಸಾಧನಗಳನ್ನು ಎಚ್ಚರಿಕೆಯಿಂದ ಬಳಸಬಲ್ಲೆ: ಒಪ್ಪುತ್ತೇನೆ, ಒಪ್ಪುವುದಿಲ್ಲ' ಎಂಬ ಧಾಟಿ. ಈಜು ಬರುತ್ತದೆಯೇ ಎಂದು ದಡದಲ್ಲಿ ನಿಲ್ಲಿಸಿ ಕೇಳಿದ ಹಾಗೆ. ಇನ್ನೊಂದು ದಾರಿ ನಮಗೆ ಪರಿಚಿತವೇ: 'ಕೃತಕ ಬುದ್ಧಿಮತ್ತೆ ಎಂದರೇನು? ಅದರ ಎರಡು ಉಪಯೋಗ ತಿಳಿಸಿ.' ಎರಡು ಅಂಕ. ಗೈಡಿನಲ್ಲಿ ಉತ್ತರ ಇರುತ್ತದೆ. ಅದನ್ನು ಬಾಯಿಪಾಠ ಮಾಡಿದ ಮಗು ಪೂರ್ತಿ ಅಂಕ ಪಡೆದು, ಅದೇ ಸಂಜೆ ವಾಟ್ಸ್‌ಆ್ಯಪ್‌ನಲ್ಲಿ ಬಂದ ನಕಲಿ ವಿಡಿಯೊವನ್ನು ನಾಲ್ಕು ಗುಂಪಿಗೆ ಕಳಿಸಬಹುದು.

ಮಾಡಿಸಿ ನೋಡುವ ಪದ್ಧತಿ ನಮ್ಮ ದೇಶದಲ್ಲೇ ಇದೆ. ಗ್ರಾಮೀಣ ಮಕ್ಕಳ ಕಲಿಕೆಯನ್ನು ಮನೆಬಾಗಿಲಿಗೇ ಹೋಗಿ ಅಳೆಯುವ 'ಅಸರ್' ಸಮೀಕ್ಷೆ 2024ರಲ್ಲಿ 14ರಿಂದ 16ರ ವಯಸ್ಸಿನವರ ಮೊಬೈಲ್ ಬಳಕೆಯನ್ನೂ ನೋಡಿತು. ಬಾಯಿಮಾತಿಗೆ ನಿಲ್ಲದೆ, ಫೋನು ತರಬಲ್ಲ ಮಕ್ಕಳಿಗೆ ಅಲಾರಾಂ ಇಡು, ಈ ಮಾಹಿತಿ ಹುಡುಕು, ಈ ವಿಡಿಯೊ ಹುಡುಕಿ ತೆಗೆ ಎಂದು ಕೆಲಸ ಹೇಳಿತು. ಆ ವಯಸ್ಸಿನ ಶೇ 82ರಷ್ಟು ಮಕ್ಕಳು ಸ್ಮಾರ್ಟ್‌ಫೋನ್ ಬಳಸಲು ಬರುತ್ತದೆ ಎಂದು ತಾವೇ ಹೇಳಿದರು. ಅವರಲ್ಲಿ ಹಿಂದಿನ ವಾರ ಅದನ್ನು ಓದಿಗೆ ಬಳಸಿದವರು ಶೇ 57, ಸಾಮಾಜಿಕ ಜಾಲತಾಣಕ್ಕೆ ಬಳಸಿದವರು ಶೇ 76.

ಅಳೆಯುವ ಕ್ರಮ ಬದಲಾದರೆ ಅಳತೆಯೇ ಬದಲಾಗುತ್ತದೆ ಎಂಬುದಕ್ಕೆ ಕರ್ನಾಟಕದಲ್ಲಿ ಹೆಚ್ಚು ಹಿಂದೆ ಹೋಗಬೇಕಿಲ್ಲ. 2024ರಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷಾ ಕೊಠಡಿಗಳಿಗೆ ಕ್ಯಾಮೆರಾ, ವೆಬ್‌ಕಾಸ್ಟಿಂಗ್ ಬಂತು. ಹಿಂದಿನ ವರ್ಷ ಶೇ 83.89 ಇದ್ದ ಫಲಿತಾಂಶ ಶೇ 73.40ಕ್ಕೆ ಇಳಿಯಿತು, ಅದೂ ಕೃಪಾಂಕ ಹೆಚ್ಚಿಸಿದ ಮೇಲೆ. ಒಂದೇ ವರ್ಷದಲ್ಲಿ ಇಡೀ ರಾಜ್ಯದ ಮಕ್ಕಳ ಬುದ್ಧಿ ಅಷ್ಟು ಕುಸಿಯಿತು ಎಂದು ಯಾರೂ ನಂಬುವುದಿಲ್ಲ. ತಕ್ಕಡಿ ಬದಲಾಯಿತು, ಅಷ್ಟೆ.

ನೂರು ಅಡಿಕೆಯ ಪಾಠ

ಹಾಗಾದರೆ ನಮ್ಮ ತಕ್ಕಡಿ ಯಾವುದು? ಅಡಿಕೆಯಿಂದಲೇ ಶುರು ಮಾಡೋಣ.

ಚಾಲಿ ಎಂದರೆ ಹಣ್ಣಡಿಕೆಯನ್ನು ಸಿಪ್ಪೆ ಸಮೇತ ಅಂಗಳದಲ್ಲಿ ಒಣಗಿಸಿ ಸುಲಿದದ್ದು. ಸುಲಿದ ಮೇಲೆ ಆರಿಸುವ ಕೆಲಸ. ಹೆಂಗಸರು ರಾಶಿಯ ಸುತ್ತ ಕೂತು, ಮಾತಾಡುತ್ತಲೇ ಕಡಿಮೆ ದರ್ಜೆಯ ಕೋಕಾ, ಬಿಳೆಗೋಟು ಬೇರೆ ಮಾಡುತ್ತಾರೆ. ಹೇಗೆ ಗೊತ್ತಾಗುತ್ತದೆ ಎಂದು ಕೇಳಿದರೆ ವ್ಯಾಖ್ಯೆ ಹೇಳಲಾರರು. ಸಾವಿರಾರು ಅಡಿಕೆ ಕೈಯಲ್ಲಿ ಹಾದು ಬಂದ ಅಭ್ಯಾಸ ಅದು. ಯಂತ್ರ ಕಲಿಯುವುದೂ ಹೆಚ್ಚುಕಡಿಮೆ ಹೀಗೆಯೇ. ಅದಕ್ಕೆ ನಿಯಮ ಬರೆದುಕೊಡುವುದಿಲ್ಲ. 'ಇದು ಚಾಲಿ, ಇದು ಕೋಕಾ' ಎಂದು ಹೆಸರು ಹಚ್ಚಿದ ಸಾವಿರಾರು ಚಿತ್ರ ತೋರಿಸುತ್ತಾರೆ. ಅದು ತನ್ನದೇ ಗುರುತು ಹಿಡಿಯುತ್ತದೆ.

ಎಂಟನೇ ತರಗತಿಗೆ ಒಂದು ಕೊಟ್ಟೆ ಅಡಿಕೆ ತನ್ನಿ. ನೂರು ಎಣಿಸಿ. ಅದರಲ್ಲಿ 90 ಚಾಲಿ, 10 ಕೋಕಾ ಇರಲಿ. ಯಾವುದು ಯಾವುದೆಂದು ಮನೆಯಲ್ಲಿ ಆರಿಸುವವರೇ ಮೊದಲು ಗುಟ್ಟಾಗಿ ಗುರುತು ಮಾಡಿರಲಿ. ಮಕ್ಕಳ ಒಂದು ತಂಡ ಆರಿಸಲಿ. ಹತ್ತು ಕೋಕಾದಲ್ಲಿ ಏಳು ಸಿಕ್ಕಿತು, ಮೂರು ತಪ್ಪಿತು, ಐದು ಒಳ್ಳೆಯ ಚಾಲಿಯನ್ನು ಕೋಕಾಕ್ಕೆ ಎಸೆದರು ಎಂದಿಟ್ಟುಕೊಳ್ಳಿ. ನೂರಕ್ಕೆ 92 ಸರಿ. ಈಗ ಸೋಮಾರಿ ಮಾಣಿಯೊಬ್ಬ ಎದ್ದು, ನೋಡದೆಯೇ 'ಎಲ್ಲಾ ಚಾಲಿಯೇ' ಎನ್ನಲಿ. ಅವನಿಗೂ ನೂರಕ್ಕೆ 90! ಬೆವರು ಹರಿಸಿ ಆರಿಸಿದವರಿಗೂ ಸೋಮಾರಿಗೂ ಎರಡೇ ಅಂಕದ ಅಂತರ. ತರಗತಿ ನಗುತ್ತದೆ. ಆ ನಗುವಿನ ಹಿಂದೆಯೇ ಪಾಠ ಇದೆ. 'ನಮ್ಮ ಯಂತ್ರ ಶೇ 90 ನಿಖರ' ಎಂಬ ಜಾಹೀರಾತು ಕಂಡಾಗ ಕೇಳಬೇಕಾದದ್ದು, ತಪ್ಪಿದ್ದು ಯಾವುದು ಎಂದು.

ಮುಂದಿನ ಪ್ರಶ್ನೆ ಇನ್ನೂ ರುಚಿಯಾದದ್ದು. ಚಾಲಿಯಲ್ಲಿ ಉಳಿದ ಮೂರು ಕೋಕಾ ಯಾರಿಗೆ ನಷ್ಟ? ಕೊಂಡವನಿಗೆ, ಆಮೇಲೆ ಮಾರಿದವನ ಹೆಸರಿಗೆ. ಕೋಕಾಕ್ಕೆ ಹೋದ ಐದು ಚಾಲಿ ಯಾರಿಗೆ ನಷ್ಟ? ಬೆಳೆದವನ ಕಿಸೆಗೆ. ತಪ್ಪು ಎರಡು ಬಗೆ, ಎರಡಕ್ಕೂ ಬೇರೆ ಬೇರೆ ಜನ ಬೆಲೆ ತೆರುತ್ತಾರೆ. ಎರಡು ಬಗೆಯ ಸರಿ, ಎರಡು ಬಗೆಯ ತಪ್ಪನ್ನು ನಾಲ್ಕು ಮನೆಯಲ್ಲಿ ಬರೆದ ಕೋಷ್ಟಕವನ್ನು ಕಾಲೇಜಿನಲ್ಲಿ 'ಕನ್‌ಫ್ಯೂಷನ್ ಮ್ಯಾಟ್ರಿಕ್ಸ್' ಎಂದು ಗಂಭೀರವಾಗಿ ಕಲಿಸುತ್ತಾರೆ. ನಮ್ಮ ಕೂಸುಗಳಿಗೆ ಅದು ಚೌಕಾಬಾರದ ಮನೆಯಷ್ಟು ಸುಲಭ.

ಲ್ಯಾಬು, ಕರೆಂಟು ಎರಡೂ ಕೂಡಿಬಂದ ದಿನ ಅದೇ ಅಡಿಕೆಯ ಫೋಟೊ ತೆಗೆದು, ಗೂಗಲ್‌ನ 'ಟೀಚಬಲ್ ಮಷೀನ್' ಎಂಬ ಉಚಿತ ಸಾಧನಕ್ಕೆ ಕಲಿಸಬಹುದು. ಸಾಲು ಸಾಲು ಕೋಡ್ ಬರೆಯಬೇಕಿಲ್ಲ. ಬಿಸಿಲಲ್ಲಿ ತೆಗೆದ ಫೋಟೊದಿಂದ ಕಲಿತ ಯಂತ್ರ ಮೋಡದ ದಿನ ತಡಬಡಿಸುತ್ತದೆಯೇ ಎಂದು ಮಕ್ಕಳೇ ನೋಡಲಿ.

'ಅಪಿ' ಗೊತ್ತಿಲ್ಲದ ಯಂತ್ರ

ದಿನದ ಅಡಿಕೆ ಧಾರಣೆಯ ಪಟ್ಟಿಯನ್ನು ಕತ್ತರಿಸಿ ತರಗತಿಗೆ ತಂದರೆ ಇನ್ನೊಂದು ಪಾಠ ಆಗುತ್ತದೆ. ಶಿರಸಿಯಲ್ಲಿ ರಾಶಿ, ಬೆಟ್ಟೆ, ಚಾಲಿ, ಬಿಳೆಗೋಟು, ಕೆಂಪುಗೋಟು. ಸಿದ್ದಾಪುರಕ್ಕೆ ಬಂದರೆ ತಟ್ಟಿಬೆಟ್ಟೆ, ಕೋಕಾ. ಯಲ್ಲಾಪುರದಲ್ಲಿ ಇವೆಲ್ಲದರ ಮೇಲೆ 'ಅಪಿ' ಎಂಬ ಹೆಸರು. ಘಟ್ಟದ ಮೇಲೆಯೇ ಸಾಗಿ ಶಿವಮೊಗ್ಗ ಮುಟ್ಟಿದರೆ ಸರಕು, ಗೊರಬಲು. ಶಿರಸಿಯ ಹೆಸರುಗಳನ್ನಷ್ಟೇ ಕಲಿತ ಯಂತ್ರವನ್ನು ಯಲ್ಲಾಪುರದ ಮಾರುಕಟ್ಟೆಯಲ್ಲಿ ಕೂರಿಸಿದರೆ ಅಪಿಯನ್ನು ಏನೆಂದು ಕರೆದೀತು? ತನಗೆ ಗೊತ್ತಿದ್ದ ಐದರಲ್ಲಿ ಒಂದನ್ನು ಧೈರ್ಯವಾಗಿ ಹೇಳುತ್ತದೆ. ಅದಕ್ಕೆ ಕಲಿಸಿದ್ದು ಆ ಐದನ್ನೇ. ಆರನೆಯದೊಂದು ಇದ್ದೀತು ಎಂಬ ಅನುಮಾನ ಅದಕ್ಕೆ ಬರುವುದಿಲ್ಲ.

ಅಡಿಕೆಯ ಮಾತು ಮನುಷ್ಯರಿಗೂ ಸಲ್ಲುತ್ತದೆ. ಯಲ್ಲಾಪುರದ ಕಾಡಿನ ಅಂಚಿನ ಶಾಲೆಯಲ್ಲಿ ಸಿದ್ದಿ ಮಗು ಮನೆಯಲ್ಲಿ ತನ್ನದೇ ಬಗೆಯ ಕೊಂಕಣಿ ಆಡುತ್ತದೆ, ಗೌಳಿ ಮಗು ಮರಾಠಿ ಆಡುತ್ತದೆ, ಪಕ್ಕದ ಹವ್ಯಕ ಮಗುವಿನ ಕನ್ನಡ ಪುಸ್ತಕದ ಕನ್ನಡವಲ್ಲ. ಮಗು ಓದಿದ್ದನ್ನು ಕೇಳಿಸಿಕೊಂಡು ತಿದ್ದುವ ತಂತ್ರಾಂಶಗಳು ಶಾಲೆಗೆ ಬರುತ್ತಿವೆ. ಎಕ್‌ಸ್ಟೆಪ್ ಪ್ರತಿಷ್ಠಾನದ ಜತೆಗೂಡಿ ರಾಜ್ಯ ಸರ್ಕಾರ ನಡೆಸುವ 'ಕಲಿಕಾ ದೀಪ' ಸರ್ಕಾರಿ ಪ್ರಾಥಮಿಕ ಶಾಲೆಗಳಿಗೆ ಇಂಥ ಸಾಧನ ತಂದಿದೆ. ಒಳ್ಳೆಯದೇ. ಆದರೆ ಯಂತ್ರ 'ತಪ್ಪು' ಎಂದಾಗ ತಪ್ಪಿದ್ದು ಮಗುವೋ, ಅಂಥ ದನಿಯನ್ನು ಎಂದೂ ಕೇಳದ ಯಂತ್ರವೋ ಎಂದು ಶಿಕ್ಷಕರು ಕೇಳಿಕೊಳ್ಳಬೇಕು. ಮೇಲಿನ ತರಗತಿಯ ಮಕ್ಕಳಿಗೂ ಈ ಪ್ರಶ್ನೆ ಕಲಿಸಬೇಕು.

ಯಂತ್ರ ಓದಿದ ಗ್ರಂಥಾಲಯದಲ್ಲೂ ಇದೇ ಅಸಮತೋಲ. ಇಂಗ್ಲಿಷ್ ವಿಕಿಪೀಡಿಯದ ಲೇಖನಗಳು 70 ಲಕ್ಷ ದಾಟಿವೆ, ಕನ್ನಡದವು 30 ಸಾವಿರ ಚಿಲ್ಲರೆ. ತಾಜ್‌ಮಹಲಿನ ಬಗ್ಗೆ ಕೇಳಿದಾಗ ಸಿಗುವ ಉತ್ತರಕ್ಕೂ ಸಿದ್ದಾಪುರ ಕಡೆಯ ದೀವರ ಮನೆಗಳ ಹಸೆ ಚಿತ್ತಾರದ ಬಗ್ಗೆ ಕೇಳಿದಾಗ ಸಿಗುವ ಉತ್ತರಕ್ಕೂ ಒಂದೇ ನಂಬಿಕೆ ಸಲ್ಲದು. ಕೆಮ್ಮಣ್ಣಿನ ಗೋಡೆ, ಅಕ್ಕಿ ಹಿಟ್ಟಿನ ಬಿಳಿ, ಪುಂಡಿ ನಾರಿನ ಕುಂಚ ಇವೆಲ್ಲ ಗೊತ್ತಿರುವ ಅಜ್ಜಿ ಊರಿನಲ್ಲಿರುವಾಗ, ಯಂತ್ರ ಬರೆದ ಚಿತ್ತಾರವನ್ನು ಅವರಿಗೆ ತೋರಿಸಿ 'ಎಲ್ಲಿ ತಪ್ಪಿದೆ' ಎಂದು ಕೇಳಿ ಬರೆದು ತರುವುದೇ ಒಳ್ಳೆಯ ಪ್ರಾಜೆಕ್ಟು.

ಆರು ವಾಕ್ಯದ ಪ್ರಶ್ನೆಪತ್ರಿಕೆ

ಇನ್ನು ಪರೀಕ್ಷೆ. ಯಂತ್ರ ಬರೆದಂತಿರುವ ಆರು ವಾಕ್ಯಗಳನ್ನು ಶಿಕ್ಷಕರೇ ಸಿದ್ಧಪಡಿಸಿ ಹಾಳೆಯಲ್ಲಿ ಕೊಡಲಿ. ಉದಾಹರಣೆಗೆ:

ಒಂದು, ಶಿರಸಿಯ ಮಾರಿಕಾಂಬಾ ಜಾತ್ರೆ ಪ್ರತಿ ವರ್ಷ ನಡೆಯುತ್ತದೆ. ಎರಡು, ಶಿರಸಿ ಸುಪಾರಿಗೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಸಿಕ್ಕಿತು. ಮೂರು, ಕದಂಬರ ರಾಜಧಾನಿ ಬನವಾಸಿ ಸಿದ್ದಾಪುರ ತಾಲ್ಲೂಕಿನಲ್ಲಿದೆ. ನಾಲ್ಕು, ಯಲ್ಲಾಪುರದ ಮಾಗೋಡು ಜಲಪಾತ ಬೇಡ್ತಿ ನದಿಯದು. ಐದು, ಉಂಚಳ್ಳಿ ಜಲಪಾತ ಶರಾವತಿ ನದಿಯದು. ಆರು, ಮುಖ್ಯಮಂತ್ರಿಯಾಗಿದ್ದ ರಾಮಕೃಷ್ಣ ಹೆಗಡೆ ಸಿದ್ದಾಪುರ ತಾಲ್ಲೂಕಿನ ದೊಡ್ಮನೆಯವರು.

ಒಂದು, ಮೂರು, ಐದು ತಪ್ಪು. ಜಾತ್ರೆ ಎರಡು ವರ್ಷಕ್ಕೊಮ್ಮೆ, ಬನವಾಸಿ ಶಿರಸಿ ತಾಲ್ಲೂಕಿನದು, ಉಂಚಳ್ಳಿ ಅಘನಾಶಿನಿಯದು. ಉಳಿದ ಮೂರು ಸರಿ.

ಮಕ್ಕಳಿಗೆ ಒಂದು ವಾರ ಕೊಡಿ. ಯಾರನ್ನು ಬೇಕಾದರೂ ಕೇಳಲಿ, ಯಾವ ಪುಸ್ತಕ ಬೇಕಾದರೂ ನೋಡಲಿ, ಇನ್ನೊಂದು ಯಂತ್ರವನ್ನೂ ಕೇಳಲಿ. ತಪ್ಪು ಹಿಡಿದದ್ದಕ್ಕೆ ಒಂದು ಅಂಕ, ತಿದ್ದಿದ್ದಕ್ಕೆ ಒಂದು, 'ಹೇಗೆ ಖಚಿತ ಮಾಡಿಕೊಂಡೆ' ಎಂದು ಬರೆದದ್ದಕ್ಕೆ ಎರಡು. ಇಲ್ಲಿ ಒಂದು ಎಚ್ಚರ ಬೇಕು. ಸರಿಯಾದ ವಾಕ್ಯವನ್ನು ಸುಮ್ಮನೆ ತಪ್ಪು ಎಂದವರಿಗೂ ಅಂಕ ಕಳೆಯಬೇಕು. ಇಲ್ಲದಿದ್ದರೆ ಆರಕ್ಕೆ ಆರೂ ಸುಳ್ಳು ಎಂದು ಗೀಚಿ ಗೆಲ್ಲುವ ಜಾಣರು ಹುಟ್ಟಿಕೊಳ್ಳುತ್ತಾರೆ. ಎಲ್ಲವನ್ನೂ ನಂಬುವವನು 'ಎಲ್ಲಾ ಚಾಲಿ' ಎಂದ ಮಾಣಿ. ಎಲ್ಲವನ್ನೂ ಅನುಮಾನಿಸುವವನು ಒಳ್ಳೆಯ ಅಡಿಕೆಯನ್ನೆಲ್ಲ ಕೋಕಾಕ್ಕೆ ಸುರಿದವನು. ಯಂತ್ರವನ್ನು ಅಳೆದ ಆ ನಾಲ್ಕು ಮನೆಯ ಕೋಷ್ಟಕದಲ್ಲೇ ಮಗುವಿನ ವಿವೇಕವನ್ನೂ ಅಳೆಯಬಹುದು. ಹಾಳೆ ಎಲ್ಲರಿಗೂ ಒಂದೇ ಆದ್ದರಿಂದ ಮೊಬೈಲ್ ಇದ್ದವರಿಗೂ ಇಲ್ಲದವರಿಗೂ ಪ್ರಶ್ನೆ ಒಂದೇ.

ಹಾಳೆ ಇನ್ನೊಂದು ಕಾರಣಕ್ಕೂ ಒಳ್ಳೆಯದು. ಚಾಟ್‌ಜಿಪಿಟಿಯ ನಿಯಮದಂತೆ 13 ತುಂಬದವರು ಅದನ್ನು ಬಳಸುವಂತಿಲ್ಲ, 18 ತುಂಬದವರಿಗೆ ಹೆತ್ತವರ ಒಪ್ಪಿಗೆ ಬೇಕು. 2023ರ ನಮ್ಮ ದತ್ತಾಂಶ ರಕ್ಷಣೆ ಕಾಯ್ದೆಯೂ 18ರೊಳಗಿನವರನ್ನು ಮಕ್ಕಳೆಂದೇ ಎಣಿಸಿ ಹೆತ್ತವರ ಅನುಮತಿ ಕೇಳುತ್ತದೆ. ಐದನೇ ತರಗತಿಯ ಮಗುವಿಗೆ ಖಾತೆ ತೆರೆಸಿ ಪಾಠ ಶುರು ಮಾಡುವ ಉತ್ಸಾಹ ಯಾರಿಗೂ ಬೇಡ.

ಪದ್ಯ ಅದರದು, ಅರ್ಥ ನಿನ್ನದು

ಎಸ್ಸೆಸ್ಸೆಲ್ಸಿಯ ಬಹುಪಾಲು ವಿಷಯಗಳಲ್ಲಿ 80 ಅಂಕ ಲಿಖಿತ ಪರೀಕ್ಷೆಗೆ, 20 ಅಂಕ ಆಂತರಿಕ ಮೌಲ್ಯಮಾಪನಕ್ಕೆ. ಪ್ರಾಜೆಕ್ಟು, ಚಟುವಟಿಕೆಗಳ ಈ 20ರಲ್ಲೇ ಯಂತ್ರ ಸದ್ದಿಲ್ಲದೆ ಸೇರಿಕೊಂಡಿದೆ. ಮೊದಲೇನು ಭಾರೀ ಸ್ವಂತದ್ದಿತ್ತೆ ಎಂದು ಕೇಳಿದರೆ ಮುಜುಗರವಾಗುತ್ತದೆ; ಪೇಟೆಯ ಅಂಗಡಿಯ ಚಾರ್ಟು, ಅಣ್ಣನ ಹಳೆಯ ಫೈಲು ನಮ್ಮ ಕಾಲದ ಯಂತ್ರಗಳು. ಬಳಸಬೇಡಿ ಎಂದು ಹೇಳಿ ಉಪಯೋಗವಿಲ್ಲ. ಯಂತ್ರ ಬರೆದದ್ದನ್ನು ಪತ್ತೆ ಹಚ್ಚುವ ತಂತ್ರಾಂಶಗಳನ್ನೂ ನೆಚ್ಚುವಂತಿಲ್ಲ. ಸ್ವಂತ ಬರೆದ ಮಗುವನ್ನೇ ಅವು ಕಳ್ಳನೆಂದದ್ದುಂಟು.

ಇದಕ್ಕೆ ಮದ್ದು ನಮ್ಮ ತಾಳಮದ್ದಲೆಯಲ್ಲಿದೆ. ಪ್ರಸಂಗದ ಪದ್ಯ ಎಲ್ಲರಿಗೂ ಒಂದೇ, ಭಾಗವತರು ಹಾಡುತ್ತಾರೆ. ಅರ್ಥ ಮಾತ್ರ ಅರ್ಥಧಾರಿಯದು. ಎದುರಿನ ಪಾತ್ರಧಾರಿ ಎಲ್ಲಿಂದ ಪ್ರಶ್ನೆ ಎಸೆಯುತ್ತಾನೆ ಎಂದು ಮೊದಲೇ ತಿಳಿಯದು. ಬಾಯಿಪಾಠದ ಕೃಷ್ಣ ಎರಡನೇ ಪ್ರಶ್ನೆಗೆ ತಡವರಿಸುತ್ತಾನೆ, ಸಭೆಗೆ ಗೊತ್ತಾಗಿಬಿಡುತ್ತದೆ. ಪ್ರಾಜೆಕ್ಟನ್ನೂ ಹೀಗೇ ನೋಡೋಣ. ಯಂತ್ರದ ನೆರವು ಬೇಕಿದ್ದರೆ ಪಡೆ. ಏನು ಕೇಳಿದೆ, ಏನು ಬಂತು, ಯಾವುದನ್ನು ತೆಗೆದೆ, ಏಕೆ ತೆಗೆದೆ ಎಂದು ಕೊನೆಯ ಪುಟದಲ್ಲಿ ಬರೆ. ಆಮೇಲೆ ಮೂರು ನಿಮಿಷ ತರಗತಿಯ ಎದುರು ನಿಂತು ಮೂರು ಪ್ರಶ್ನೆಗೆ ಅರ್ಥ ಹೇಳು. ಬರೆಯಲು ಹಿಂಜರಿಯುವ ಮಗುವಿಗೆ ಮಾತಿನ ಪರೀಕ್ಷೆ ಹಗುರ. ಮನೆಮಾತು ಬೇರೆಯಾದ ಮಗು ತನ್ನ ಮಾತಿನಲ್ಲೇ ಹೇಳಲಿ, ಗೆಳೆಯ ಕನ್ನಡಕ್ಕೆ ತರಲಿ. ನಲವತ್ತು ಮಕ್ಕಳ ತರಗತಿಯಲ್ಲಿ ಇದಕ್ಕೆ ಸಮಯ ಎಲ್ಲಿ ಎಂಬ ಶಿಕ್ಷಕರ ದೂರು ನಿಜ. ನಮ್ಮ ಬೆಟ್ಟದೂರಿನ ಸಣ್ಣ ಶಾಲೆಗಳಿಗೆ ಆ ತೊಂದರೆ ಕಡಿಮೆ. ಮಕ್ಕಳು ಕಡಿಮೆಯಾದರೆಂದು ಸದಾ ಬೇಸರಪಡುವ ಶಾಲೆಗಳಿಗೆ ಇದೊಂದು ಅನುಕೂಲ.

ಲೆಕ್ಕ ತಿರುಗಿ ಮಾಡಿದ ಊರು

ದೊಡ್ಡವರ ಲೆಕ್ಕವನ್ನು ತಿರುಗಿ ಮಾಡಿ ನೋಡುವುದು ಈ ಸೀಮೆಗೆ ಹೊಸದಲ್ಲ. ಬೇಡ್ತಿ ನದಿಗೆ ಜಲವಿದ್ಯುತ್ ಅಣೆಕಟ್ಟು ಕಟ್ಟುವ ಯೋಜನೆ ಬಂದಾಗ ಅದರ ಲಾಭ ನಷ್ಟದ ಅಂಕಿಗಳನ್ನು ಸರ್ಕಾರ ಕೊಟ್ಟಿತ್ತು. 1923ರಲ್ಲಿ ಹುಟ್ಟಿದ ಅಡಿಕೆ ಬೆಳೆಗಾರರ ಸಹಕಾರಿ ಸಂಸ್ಥೆ ತೋಟಗಾರ್ಸ್ ಸೇಲ್ ಸೊಸೈಟಿ ಆ ಅಂಕಿಗಳನ್ನು ಹಾಗೆಯೇ ಒಪ್ಪಲಿಲ್ಲ. ವಿಜ್ಞಾನಿಗಳನ್ನು, ಅರ್ಥಶಾಸ್ತ್ರ ಬಲ್ಲವರನ್ನು ಕೂರಿಸಿ ಲೆಕ್ಕವನ್ನು ಮತ್ತೆ ಮಾಡಿಸಿತು. ಮುಳುಗುವ ಕಾಡು, ತೋಟ, ಊರುಗಳ ಬೆಲೆ ಸೇರಿಸಿದರೆ ಮೊತ್ತ ಬೇರೆಯೇ ಆಗುತ್ತದೆ ಎಂದು 1981ರ ಜನವರಿಯಲ್ಲಿ ಶಿರಸಿಯಲ್ಲೇ ವಿಚಾರ ಸಂಕಿರಣ ನಡೆಸಿ ತೋರಿಸಿತು. ಯೋಜನೆ ಬದಿಗೆ ಸರಿಯಿತು. ಘೋಷಣೆ ಕೂಗಿದವರೂ ಇದ್ದರು. ಗೆದ್ದದ್ದು ಲೆಕ್ಕ.

ಆ ಲೆಕ್ಕ ತಿದ್ದಿದವರ ಮೊಮ್ಮಕ್ಕಳು ಈಗ ಶಾಲೆಯಲ್ಲಿದ್ದಾರೆ. ಅವರ ಎದುರು ಬಂದಿರುವ ಅಂಕಿಗಳು ಸರ್ಕಾರದ ಮುದ್ರೆಯಿಲ್ಲದೆ, ಯಂತ್ರದ ಸುಂದರ ವಾಕ್ಯಗಳಲ್ಲಿ ಬರುತ್ತಿವೆ. ಒಪ್ಪುವ ಮೊದಲು ಕೈ ಹಾಕಿ ಅಡಿಯಿಂದ ನಾಲ್ಕು ಎತ್ತಿ ನೋಡುವ ಕೆಲಸ ಅದೇ.

ಆದ್ದರಿಂದ ಶಿರಸಿ ಶೈಕ್ಷಣಿಕ ಜಿಲ್ಲೆಯ ಮೇಷ್ಟ್ರುಗಳಲ್ಲಿ, ಅಕ್ಕೋರುಗಳಲ್ಲಿ ಒಂದು ವಿನಂತಿ. ಕೃತಕ ಬುದ್ಧಿಮತ್ತೆಯ ಪಠ್ಯಪುಸ್ತಕ ಬರಲಿ, ತರಬೇತಿ ಬರಲಿ, ಲ್ಯಾಬು ಬರಲಿ. ಅವು ಬರುವ ತನಕ ಕಾಯಬೇಡಿ. ಶಾಲೆ ಬಾಗಿಲು ತೆರೆದ ಮೊದಲ ತಿಂಗಳಲ್ಲೇ ನಿಮ್ಮ ಊರಿನ ಬಗ್ಗೆ ಆರು ವಾಕ್ಯ ಬರೆಯಿರಿ, ಮೂರು ತಪ್ಪಿರಲಿ, ಮಕ್ಕಳ ಕೈಗೆ ಕೊಡಿ. 'ಕೃತಕ ಬುದ್ಧಿಮತ್ತೆ ಎಂದರೇನು' ಎಂಬ ಎರಡು ಅಂಕದ ಪ್ರಶ್ನೆಯನ್ನು ಮಾತ್ರ ದಯವಿಟ್ಟು ಕೇಳಬೇಡಿ. ಅದಕ್ಕೆ ಉತ್ತರ ಯಂತ್ರವೇ ಬರೆದುಕೊಡುತ್ತದೆ.